ಸಭಾಕೊಠಡಿಗೆ ಟಿ.ವಿ.: ಬೆಲೆಯ ಜೊತೆಗೆ ತೆರಿಗೆಯ ಲೆಕ್ಕ

ಕಚೇರಿಯ ಸಭಾಕೊಠಡಿಗೆ ಟಿ.ವಿ. ಕೊಳ್ಳುವಾಗ ಅನೇಕ ವರ್ತಕರು ಪರದೆಯ ಅಳತೆ ಹಾಗೂ ಬೆಲೆಯನ್ನಷ್ಟೇ ಹೋಲಿಸುತ್ತಾರೆ. ತೆಳು ಟಿ.ವಿ.ಗಳ ಸ್ಪೀಕರುಗಳು ಚಿಕ್ಕವಾದ್ದರಿಂದ ದೊಡ್ಡ ಕೊಠಡಿಯಲ್ಲಿ ಮಾತು ಸ್ಪಷ್ಟವಾಗಿ ಕೇಳಿಸದು. ಆದ್ದರಿಂದ ಸೌಂಡ್‌ಬಾರಿನ ವೆಚ್ಚವನ್ನೂ ಸೇರಿಸಿಯೇ ಅಂದಾಜು ಸಿದ್ಧಪಡಿಸುವುದು ಸೂಕ್ತ.

32 ಅಂಗುಲ ಮೀರಿದ ಟಿ.ವಿ.ಗಳ ಜಿಎಸ್‌ಟಿ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ. ಸೌಂಡ್‌ಬಾರಿಗೂ ಇದೇ ದರ. ಇವೆರಡರ ಮೂಲಬೆಲೆ ರೂ. 60,000 ಎಂದಿಟ್ಟುಕೊಂಡರೆ ತೆರಿಗೆ ರೂ. 10,800, ಒಟ್ಟು ರೂ. 70,800.

ವ್ಯವಹಾರದ ಉಪಯೋಗಕ್ಕೆ ಕೊಂಡು, ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯಿದ್ದರೆ ಸಾಮಾನ್ಯ ನೋಂದಾಯಿತ ವರ್ತಕರು ರೂ. 10,800ನ್ನು ಇನ್‌ಪುಟ್ ತೆರಿಗೆ ಕ್ರೆಡಿಟ್ ಆಗಿ ಪಡೆಯಬಹುದು. ಆಗ ಲೆಕ್ಕಪುಸ್ತಕದಲ್ಲಿ ಆಸ್ತಿಯ ಮೌಲ್ಯ ರೂ. 60,000 ಮಾತ್ರ. ರೂ. 70,800 ಎಂದು ನಮೂದಿಸಿ ತೆರಿಗೆಯ ಭಾಗಕ್ಕೂ ಸವಕಳಿ ಪಡೆದರೆ ಸಿಜಿಎಸ್‌ಟಿ ಕಾಯ್ದೆಯ 16(3)ನೇ ಕಲಮಿನಂತೆ ಕ್ರೆಡಿಟ್ ದೊರೆಯದು.

ದಿನಬಾಡಿಗೆ ರೂ. 7,500 ಮೀರದ ಕೊಠಡಿಗಳಿಗೆ ಕ್ರೆಡಿಟ್ ಇಲ್ಲದೆ ಶೇ. 5 ತೆರಿಗೆ ವಿಧಿಸುವ ವಸತಿಗೃಹಗಳಿಗೂ, ಕಾಂಪೊಸಿಷನ್ ಪದ್ಧತಿಯವರಿಗೂ ಈ ಸೌಲಭ್ಯವಿಲ್ಲ. ಅವರಿಗೆ ನಿಜವಾದ ವೆಚ್ಚ ರೂ. 70,800. ಮನೆಬಳಕೆಯ ಟಿ.ವಿ.ಗೆ ಅಂಗಡಿಯ ಹೆಸರಿನಲ್ಲಿ ಬಿಲ್ ಮಾಡಿಸಿದರೂ ಕ್ರೆಡಿಟ್ ಸಲ್ಲದು. ಆದುದರಿಂದ ದರಪಟ್ಟಿ ಹೋಲಿಸುವ ಮುನ್ನವೇ ತಾವು ಯಾವ ವರ್ಗಕ್ಕೆ ಸೇರುವರೆಂಬುದನ್ನು ವರ್ತಕರು ನಿಶ್ಚಯಿಸಿಕೊಳ್ಳುವುದು ಲೇಸು.