ಗೋಡೆಗೂ ಕಂಬಳಿ ಬೇಕೆ?

ಕಂಬಳಿ ಬೆಚ್ಚಗಿರುತ್ತದೆ ಎಂದು ನಾವೆಲ್ಲರೂ ಹೇಳುತ್ತೇವೆ. ವಾಸ್ತವವಾಗಿ ಕಂಬಳಿಗೆ ತನ್ನದೆಂಬ ಶಾಖ ಯಾವುದೂ ಇಲ್ಲ. ಅದೇ ಕಂಬಳಿಯನ್ನು ಮಂಜುಗಡ್ಡೆಗೆ ಸುತ್ತಿಟ್ಟರೆ ಅದು ಬೇಗ ಕರಗುವುದಿಲ್ಲ. ಒಳಗಿನ ಶಾಖವನ್ನು ಹೊರಕ್ಕಾಗಲಿ ಹೊರಗಿನದನ್ನು ಒಳಕ್ಕಾಗಲಿ ಸುಲಭವಾಗಿ ಬಿಡದಿರುವುದೇ ಅದರ ಗುಣ. ಈ ಗುಣ ಬಂದಿರುವುದು ಉಣ್ಣೆಗಿಂತ ಹೆಚ್ಚಾಗಿ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿಯಿಂದ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕಟ್ಟಡಗಳ ನೆಲಕ್ಕೂ ಕಾಂಕ್ರೀಟು ಗೋಡೆಗಳಿಗೂ ಇಂದು ಬಳಕೆಯಲ್ಲಿರುವ ಉಷ್ಣನಿರೋಧಕ ಫಲಕಗಳ ವಿಷಯ ಕಲಾ ವಿಭಾಗದ ನಮ್ಮಂಥವರಿಗೂ ದುರ್ಗಮವಲ್ಲ.

ಒಂದು ವಸ್ತುವಿನ ಮೂಲಕ ಹರಿಯುವ ಶಾಖವು ಎರಡು ಮುಖಗಳ ಉಷ್ಣತೆಯ ವ್ಯತ್ಯಾಸ ಹೆಚ್ಚಿದಂತೆ ಹೆಚ್ಚುತ್ತದೆ, ದಪ್ಪ ಹೆಚ್ಚಿದಂತೆ ಕಡಿಮೆಯಾಗುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಫೂರಿಯೆ 1822ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದನು. ಇದರೊಡನೆ ಪ್ರತಿ ವಸ್ತುವಿಗೂ ಉಷ್ಣವಾಹಕತೆಯೆಂಬ ತನ್ನದೇ ಒಂದು ಸಂಖ್ಯೆಯುಂಟು. ಮೀಟರು, ಡಿಗ್ರಿ, ವಾಟ್‌ಗಳ ಲೆಕ್ಕದಲ್ಲಿ ಅದು ಉಕ್ಕಿಗೆ ಸುಮಾರು 50, ಕಾಂಕ್ರೀಟಿಗೆ 1.6, ಇಟ್ಟಿಗೆಗೆ 0.7, ಮರಕ್ಕೆ 0.13, ನಿಂತ ಗಾಳಿಗೆ 0.025. ಗಾಳಿಯನ್ನು ಓಡದಂತೆ ಕಟ್ಟಿಹಾಕಿದರೆ ಅದಕ್ಕಿಂತ ಅಗ್ಗದ ಕಂಬಳಿ ಬೇರೊಂದಿಲ್ಲ. ಮದುವೆಯ ಮಂಟಪಗಳಲ್ಲಿ ಕತ್ತರಿಸಿ ಅಂಟಿಸುವ ಥರ್ಮೋಕೋಲ್ ಇಂಥ ಕಟ್ಟಿಹಾಕಿದ ಗಾಳಿಯೇ. ಅದರ ಗಾತ್ರದಲ್ಲಿ ನೂರಕ್ಕೆ 98 ಪಾಲು ಗಾಳಿ, ಉಳಿದದ್ದು ಪಾಲಿಸ್ಟೈರೀನ್. ವಾಹಕತೆ ಸುಮಾರು 0.036.

ಒಂದು ಸಣ್ಣ ಲೆಕ್ಕ ಮಾಡೋಣ. 15 ಸೆಂಟಿಮೀಟರ್ ದಪ್ಪದ ಬರಿಯ ಕಾಂಕ್ರೀಟು ಗೋಡೆ, ಇಕ್ಕೆಲಗಳ ಗಾಳಿಯ ತೆಳುಪದರದ ತಡೆಯನ್ನೂ ಸೇರಿಸಿ, ಒಂದು ಚದರ ಮೀಟರಿನಲ್ಲಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 3.8 ವಾಟ್ ಶಾಖವನ್ನು ಸಾಗಿಸುತ್ತದೆ. ಅದಕ್ಕೆ 5 ಸೆಂಟಿಮೀಟರ್ ಥರ್ಮೋಕೋಲ್ ಹೊದಿಸಿದರೆ ಈ ಸಂಖ್ಯೆ 0.6ಕ್ಕೆ ಇಳಿಯುತ್ತದೆ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಒಂದು ಗೋಡೆಗೆ ಹತ್ತು ಡಿಗ್ರಿ ವ್ಯತ್ಯಾಸವಿದ್ದಾಗ 456 ವಾಟ್ ಒಳಬರುತ್ತಿದ್ದಲ್ಲಿ ಈಗ 72 ವಾಟ್ ಮಾತ್ರ. ಕಾಂಕ್ರೀಟಿನಿಂದಲೇ ಅಷ್ಟು ತಡೆಯನ್ನು ಪಡೆಯಬೇಕಾದರೆ ಇನ್ನೂ ಏಳಡಿ ದಪ್ಪ ಸೇರಿಸಬೇಕಾದೀತು! ಅಂಥ ಗೋಡೆಯನ್ನು ಕೋಟೆಗೆ ಕಟ್ಟಬಹುದೇ ಹೊರತು ಮನೆಗೆ ಕಟ್ಟಲಾಗದು.

ಈ ಫಲಕಗಳ ಚರಿತ್ರೆ ಬಹಳ ಹಳೆಯದಲ್ಲ. ಮೊದಲು ಬಿರಡೆಮರದ ತೊಗಟೆಯ ಹಲಗೆಗಳು ಬಳಕೆಯಲ್ಲಿದ್ದವು. 1935ರಲ್ಲಿ ಅಮೆರಿಕದ ಮ್ಯಾಡಿಸನ್ ನಗರದ ಅರಣ್ಯೋತ್ಪನ್ನ ಪ್ರಯೋಗಶಾಲೆಯವರು ಫಲಕಗಳಿಂದಲೇ ಒಂದು ಪ್ರಾಯೋಗಿಕ ಮನೆಯನ್ನು ಕಟ್ಟಿದರು. 1949ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆಯ ರಸಾಯನಜ್ಞ ಫ್ರಿಟ್ಜ್ ಸ್ಟಾಸ್ಟ್ನಿ ಪಾಲಿಸ್ಟೈರೀನನ್ನು ಮಂಡಕ್ಕಿಯಂತೆ ಅರಳಿಸುವ ವಿಧಾನವನ್ನು ಕಂಡುಹಿಡಿದನು. 1960ರ ದಶಕದಲ್ಲಿ ಕೆನಡದ ಗುತ್ತಿಗೆದಾರ ವರ್ನರ್ ಗ್ರೆಗೊರಿ ಈ ನೊರೆಪದಾರ್ಥದ ಪೊಳ್ಳು ಅಚ್ಚುಗಳನ್ನು ಜೋಡಿಸಿ ಅವುಗಳೊಳಗೆ ಕಾಂಕ್ರೀಟು ಸುರಿಯುವ ಉಪಾಯ ಮಾಡಿದನು. ಅಚ್ಚನ್ನು ಕಳಚುವ ಪ್ರಮೇಯವಿಲ್ಲ, ಅದೇ ಗೋಡೆಯ ಹೊದಿಕೆಯಾಗಿ ಉಳಿಯುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಕ್ರಮದಲ್ಲಿ ಕಾಂಕ್ರೀಟಿನ ಎರಡು ಪದರಗಳ ನಡುವೆ ನಿರೋಧಕವನ್ನಿಡುತ್ತಾರೆ. ಇಂಗ್ಲಿಷಿನವರು ಇದಕ್ಕೆ ಸ್ಯಾಂಡ್‌ವಿಚ್ ಎಂದು ಹೆಸರಿಟ್ಟರು. ಕನ್ನಡಿಗರು ಕಂಡುಹಿಡಿದಿದ್ದರೆ ಹೋಳಿಗೆಯೆಂದು ಕರೆಯುತ್ತಿದ್ದರೋ ಏನೋ.

ಹಾಗಾದರೆ ನಮ್ಮ ಹಿರಿಯರ ಮಣ್ಣಿನ ಮನೆಗಳು ತಂಪಾಗಿದ್ದುದು ಹೇಗೆ? ಎರಡಡಿ ದಪ್ಪದ ಮಣ್ಣಿನ ಗೋಡೆ ಬರಿಯ ತಡೆಯ ಲೆಕ್ಕದಲ್ಲಿ ಮೂರು ಸೆಂಟಿಮೀಟರ್ ಥರ್ಮೋಕೋಲಿಗೆ ಮಾತ್ರ ಸಮ. ಆದರೆ ಮಣ್ಣಿಗೆ ಇನ್ನೊಂದು ಶಕ್ತಿಯುಂಟು. ಅದು ಹಗಲಿನ ಶಾಖವನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು ಒಳಗೆ ಬಿಡುವಷ್ಟರಲ್ಲಿ ರಾತ್ರಿಯಾಗಿ ಹೊರಗೆ ತಂಪಾಗಿರುತ್ತದೆ. ತೆಳುವಾದ ಕಾಂಕ್ರೀಟು ತಾರಸಿಗೆ ಇಷ್ಟು ತಾಳ್ಮೆಯಿಲ್ಲ. ಮಧ್ಯಾಹ್ನ ಕುಡಿದ ಬಿಸಿಲನ್ನು ನಾವು ಮಲಗುವ ಹೊತ್ತಿಗೆ ನಮ್ಮ ಮೇಲೆಯೇ ಸುರಿಯುತ್ತದೆ. ತಡೆಯುವುದು ಬೇರೆ, ಹಿಡಿದಿಡುವುದು ಬೇರೆ ಎಂಬ ಈ ಭೇದವನ್ನು ಮಾರಾಟಗಾರರ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಇದರಿಂದ ತಿಳಿಯುವುದೇನೆಂದರೆ, ನಮ್ಮ ಹವೆಯಲ್ಲಿ ನಿರೋಧಕವನ್ನು ಕಾಂಕ್ರೀಟಿನ ಹೊರಮುಖಕ್ಕೆ ಇಡುವುದೇ ಲೇಸು. ಆಗ ಬಿಸಿಲು ಕಾಂಕ್ರೀಟನ್ನು ಮುಟ್ಟುವುದೇ ಇಲ್ಲ.

ನೆಲದ ವಿಷಯ ಇನ್ನೂ ಸ್ವಾರಸ್ಯಕರವಾದುದು. ಚಳಿಯ ದೇಶಗಳಲ್ಲಿ ಮನೆಯ ಶಾಖ ನೆಲದ ಅಂಚುಗಳಿಂದ ಸೋರಿಹೋಗುವುದರಿಂದ ನೆಲದ ಕಾಂಕ್ರೀಟಿನ ಕೆಳಗೂ ಅಂಚಿಗೂ ಗಟ್ಟಿಯಾದ ನೊರೆಹಲಗೆಗಳನ್ನು ಹಾಸುತ್ತಾರೆ. ನಮ್ಮಲ್ಲಿ ಬೇಸಗೆಯ ಹಗಲು ಗಾಳಿಗಿಂತ ನೆಲವೇ ತಂಪು. ಊಟವಾದ ಮೇಲೆ ಬರಿಯ ನೆಲದ ಮೇಲೆ ಒರಗುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಂಥ ನೆಲಕ್ಕೆ ಫಲಕ ಹಾಸುವುದೆಂದರೆ ಹಣ ಕೊಟ್ಟು ತಂಪನ್ನು ಕಳೆದುಕೊಂಡಂತೆ.

ಆದರೆ ಶೈತ್ಯಾಗಾರಗಳ ಮಾತು ಬೇರೆ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಕೆಡದಂತೆ ಇಡಲು ಕೋಲ್ಡ್ ಸ್ಟೋರೇಜುಗಳು ಸಾಲಾಗಿ ನಿಂತಿವೆ. ಅಲ್ಲಿ ಗೋಡೆ, ಮಾಡು, ನೆಲ ಮೂರಕ್ಕೂ ನಿರೋಧಕ ಬೇಕು. ಮೂಟೆಗಳ ಭಾರವನ್ನು ಹೊರಬೇಕಾದುದರಿಂದ ನೆಲದ ಹಲಗೆ ಕುಗ್ಗದಂಥದಿರಬೇಕು. ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯಲ್ಲಿ ಮೀನು, ಮಾಂಸ ಇಡುವ ಕಡೆಗಳಲ್ಲಿ ಅದೂ ಸಾಲದು. ಚಳಿ ಮೆಲ್ಲಗೆ ಕೆಳಗಿಳಿದು ಮಣ್ಣಿನ ನೀರು ಹೆಪ್ಪುಗಟ್ಟಿದರೆ ಅದು ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ನೆಲವನ್ನೇ ಎತ್ತಿ ಸೀಳುತ್ತದೆ. ಆದ್ದರಿಂದ ಅಲ್ಲಿ ನಿರೋಧಕದ ಅಡಿಯಲ್ಲಿ ಬೆಚ್ಚನೆಯ ಗಾಳಿ ಆಡಲು ಕೊಳವೆಗಳನ್ನು ಹೂಳುವುದುಂಟು. ಮಂಜುಮನೆಯ ನೆಲವನ್ನು ಕಾಯಿಸಬೇಕಾಗಿ ಬರುವುದು ಒಂದು ವಿನೋದವೇ ಸರಿ.

ತೇವವೂ ಉಕ್ಕೂ ಈ ಫಲಕಗಳ ಹಗೆಗಳು. ನೀರಿನ ವಾಹಕತೆ ಗಾಳಿಯದರ ಇಪ್ಪತ್ತು ಪಟ್ಟಿಗೂ ಹೆಚ್ಚಾದುದರಿಂದ ನೆನೆದ ನಿರೋಧಕ ನೆನೆದ ಕಂಬಳಿಯಂತೆ. ಎರಡು ಪದರಗಳನ್ನು ಬಿಗಿಯುವ ಉಕ್ಕಿನ ಸರಳುಗಳು ಶಾಖಕ್ಕೆ ಸೇತುವೆಯಾಗುತ್ತವೆ.

ಇವೆಲ್ಲಕ್ಕಿಂತ ಗಂಭೀರವಾದುದು ಬೆಂಕಿಯ ಪ್ರಶ್ನೆ. 2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಗೋಪುರ ಹೊತ್ತಿ ಉರಿದು 72 ಜನ ಸತ್ತರು. ಕಾಂಕ್ರೀಟು ಉರಿಯಲಿಲ್ಲ. ಅದರ ಮೇಲೆ ಹೊದಿಸಿದ್ದ, ಅಲ್ಯೂಮಿನಿಯಂ ತಗಡುಗಳ ನಡುವೆ ಪಾಲಿಎಥಿಲೀನ್ ತುಂಬಿದ ಫಲಕಗಳು ಉರಿದವು. ಹಿಂದಿದ್ದ ನಿರೋಧಕವೂ ಅದಕ್ಕೆ ಜೊತೆಯಾಯಿತು. ಅಲ್ಲಿ ವಾಸವಾಗಿದ್ದವರಲ್ಲಿ ಬಹುಮಂದಿ ಸಾಮಾನ್ಯ ಸ್ಥಿತಿಯವರು. ಸರಕನ್ನು ತಯಾರಿಸಿ ಮಾರಿದವರು ಅದರ ಅಪಾಯವನ್ನು ಮರೆಮಾಚಿದರೆಂದು 2024ರ ಸೆಪ್ಟೆಂಬರಿನ ವಿಚಾರಣಾ ವರದಿ ನೇರವಾಗಿ ಹೇಳಿದೆ. ಕಾಂಕ್ರೀಟಿನ ಒಳಗೆ ಮುಚ್ಚಿದ ನೊರೆಗೆ ಬೆಂಕಿ ಸುಲಭವಾಗಿ ತಗಲದು. ತೆಳುತಗಡಿನ ನಡುವೆ ಇರುವ ಪಾಲಿಯುರೇಥೇನ್ ಹಾಗಲ್ಲ. ಅದರ ಹೊಗೆಯೇ ವಿಷ. ಕಲ್ಲುನಾರಿನ ಹಲಗೆ ಉರಿಯುವುದಿಲ್ಲ, ಆದರೆ ತೂಕ ಹೆಚ್ಚು. ನನ್ನ ತಂದೆಯವರು ಒಂದು ಶೈತ್ಯಾಗಾರದಲ್ಲಿ ಚೀಲ ಹೊರುವವರು. ಆ ಗೋಡೆಯ ಒಳಗೆ ಏನಿದೆಯೆಂದು ಕೇಳಿದರೆ, ಹದಿನೈದು ವರ್ಷಗಳಲ್ಲಿ ಅದನ್ನು ಯಾರೂ ತಮಗೆ ಹೇಳಿಲ್ಲವೆಂದರು. ತಗಡಿನ ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಬಿಳುಪು.

ನಮ್ಮ ದೇಶದಲ್ಲಿ ಈ ವಿದ್ಯೆ ಬಡವರ ಮನೆಗಳವರೆಗೂ ಬರತೊಡಗಿದೆ. ಕೇಂದ್ರ ಸರ್ಕಾರದ ಯೋಜನೆಯೊಂದರಲ್ಲಿ 2021ರಲ್ಲಿ ಶಂಕುಸ್ಥಾಪನೆಯಾದ ಇಂದೋರಿನ 1,024 ಮನೆಗಳಿಗೆ ನಡುಪದರದ ಫಲಕಗಳನ್ನೇ ಆರಿಸಿಕೊಂಡರು. 2018ರ ಇಕೋ ನಿವಾಸ್ ಸಂಹಿತೆಯು ವಾಸದ ಕಟ್ಟಡದ ಮಾಡಿನ ಮೂಲಕ ಒಂದು ಚದರ ಮೀಟರಿಗೆ, ಒಂದು ಡಿಗ್ರಿಗೆ 1.2 ವಾಟಿಗಿಂತ ಹೆಚ್ಚು ಶಾಖ ಬರಕೂಡದೆಂದು ಮಿತಿ ಹಾಕಿದೆ. ನಮ್ಮ ಊರುಗಳ ಹತ್ತು ಸೆಂಟಿಮೀಟರ್ ದಪ್ಪದ ಬರಿಯ ತಾರಸಿಯಲ್ಲಿ ಅದು ಸುಮಾರು 4. ಮೇಲಿನ ಲೆಕ್ಕವನ್ನೇ ಮಾಡಿ ನೋಡಿದರೆ, 4ರಿಂದ 1.2ಕ್ಕೆ ಇಳಿಸಲು ತಾರಸಿಯ ಮೇಲೆ ಎರಡು ಸೆಂಟಿಮೀಟರಿಗೆ ತುಸು ಹೆಚ್ಚಿನ ನಿರೋಧಕ, ಅದರ ಮೇಲೆ ನೀರು ಇಳಿಯದಂತೆ ಒಂದು ಗಾರೆಯ ಹೊದಿಕೆ, ಇಷ್ಟು ಸಾಕಾಗುತ್ತದೆ.