ನೇರ ಪ್ರಸಾರ ನೋಡಲು ಕಂಪ್ಯೂಟರನ್ನು ಸಿದ್ಧಪಡಿಸೋಣ

2023ರ ಆಗಸ್ಟ್ 23ರಂದು ಸಾಯಂಕಾಲ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಇಸ್ರೋ ಅದನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ನಾವೂ ತರಬೇತಿ ಹಾಲಿನಲ್ಲಿ ಸ್ವ-ಸಹಾಯ ಸಂಘದ ತಾಯಂದಿರನ್ನು ಸೇರಿಸಿದ್ದೆವು. ಪರದೆಯಲ್ಲಿ ಚಿತ್ರ ಬಂತು, ಧ್ವನಿ ಬರಲಿಲ್ಲ. ವೈರು ತೆಗೆದು ಸಿಕ್ಕಿಸಿ ನೋಡುವಷ್ಟರಲ್ಲಿ ಆ ಕ್ಷಣ ಮುಗಿದೇ ಹೋಯ್ತು. ಅರ್ಧ ದಿನದ ಬೀಡಿ ಕೆಲಸ ಬಿಟ್ಟು ಬಂದಿದ್ದ ಹಿರಿಯರೊಬ್ಬರು, "ಅಕ್ಷರ ಬಲ್ಲೋರು ಓದಿಕೊಂಡ್ರು ಸಿಸ್ಟರ್, ನಮ್ಗೆ ಮಾತು ಕೇಳದಿದ್ರೆ ಏನು ತಿಳೀತದೆ?" ಅಂದರು. ತಪ್ಪು ನಮ್ಮದೇ. ಹಿಂದಿನ ದಿನ ಪರೀಕ್ಷೆ ಮಾಡಿರಲಿಲ್ಲ.

ಈಗ ಸರಕಾರಿ ಯೋಜನೆಗಳ ಮಾಹಿತಿ, ತರಬೇತಿ ಎಲ್ಲವೂ ನೇರ ಪ್ರಸಾರದಲ್ಲಿ ಬರುತ್ತಿವೆ. ಆದ್ದರಿಂದ ಒಕ್ಕೂಟದ ಕಾರ್ಯಕರ್ತೆಯರು ಈ ಪಾಠವನ್ನು ಕಲಿಯುವುದು ಅಗತ್ಯ.

ಹಿಂದಿನ ದಿನ ಮಾಡಬೇಕಾದದ್ದು

1. ತಾರೀಕು, ಸಮಯ: ಹಳೆ ಕಂಪ್ಯೂಟರಿನ ಒಳಗಿನ ಚಿಕ್ಕ ಬ್ಯಾಟರಿ ಮುಗಿದರೆ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ನೆಟ್ ಸರಿಯಿದ್ದರೂ ಪುಟ ತೆರೆಯೋದಿಲ್ಲ. ಮೊದಲು ಇದನ್ನು ಸರಿಪಡಿಸಿ.

2. ಬ್ರೌಸರ್: ಹಿಂದೆ ವಿಡಿಯೋ ನೋಡಲು ಫ್ಲ್ಯಾಶ್ ಹಾಕಿಸಬೇಕಿತ್ತು. 2020ರ ಕೊನೆಗೆ ಅದು ನಿಂತುಹೋಯಿತು, ಈಗ ಬ್ರೌಸರ್ ಒಂದಿದ್ದರೆ ಸಾಕು. ಕ್ರೋಮ್ ಅಥವಾ ಫೈರ್‌ಫಾಕ್ಸ್ ಹೊಸದಾಗಿರಲಿ. ವಿಂಡೋಸ್ 7 ಇರುವ ಕಂಪ್ಯೂಟರಿಗೆ 2023ರಿಂದ ಕ್ರೋಮಿನ ಹೊಸ ಆವೃತ್ತಿ ಬರುತ್ತಿಲ್ಲ ಎಂಬುದು ನೆನಪಿರಲಿ.

3. ನೆಟ್ ವೇಗ: ಯೂಟ್ಯೂಬಿನಲ್ಲಿ 480ಪಿ ಚಿತ್ರಕ್ಕೆ ಸುಮಾರು 1.1 ಎಂಬಿಪಿಎಸ್, 720ಪಿ ಚಿತ್ರಕ್ಕೆ 2.5 ಎಂಬಿಪಿಎಸ್ ವೇಗ ಬೇಕು. 480ಪಿಯಲ್ಲಿ ಒಂದು ಗಂಟೆಗೆ ಸುಮಾರು ಅರ್ಧ ಜಿಬಿ ಡೇಟಾ ಖರ್ಚಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವುದಾದರೆ ಡೇಟಾ ಎಷ್ಟು ಉಳಿದಿದೆ ನೋಡಿಕೊಳ್ಳಿ. ಕಾರ್ಯಕ್ರಮ ನಡೆಯುವ ಹೊತ್ತಿನಲ್ಲೇ ಪರೀಕ್ಷಿಸಿ. ಬೆಳಿಗ್ಗೆ ಚೆನ್ನಾಗಿದ್ದ ನೆಟ್ ಸಾಯಂಕಾಲ ನಿಧಾನವಾಗಬಹುದು.

4. ಧ್ವನಿ: ನಾವು ಎಡವಿದ್ದು ಇಲ್ಲೇ. ಪ್ರೊಜೆಕ್ಟರಿಗೆ ಎಚ್‌ಡಿಎಂಐ ವೈರು ಹಾಕಿದಾಗ ಚಿತ್ರದ ಜೊತೆ ಧ್ವನಿಯೂ ಪ್ರೊಜೆಕ್ಟರಿಗೇ ಹೋಗಿಬಿಡಬಹುದು, ಪಕ್ಕದ ಸ್ಪೀಕರ್ ಸುಮ್ಮನಿರುತ್ತದೆ. ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಸ್ಪೀಕರ್ ಗುರುತನ್ನು ಒತ್ತಿ, ಧ್ವನಿ ಹೊರಬರುವ ಸಾಧನವನ್ನು ಬದಲಾಯಿಸಿದರೆ ಸರಿಹೋಗುತ್ತದೆ. ಎಲ್ಲಾ ವೈರು ಜೋಡಿಸಿ ಯಾವುದಾದರೂ ವಿಡಿಯೋ ಹಾಕಿ, ಹಾಲಿನ ಕೊನೇ ಸಾಲಿನಲ್ಲಿ ಕೂತು ಕೇಳಿ ನೋಡಿ.

5. ನಿದ್ದೆ ಮತ್ತು ಅಪ್‌ಡೇಟ್: ಯಾರೂ ಮುಟ್ಟದಿದ್ದರೆ ಕಂಪ್ಯೂಟರ್ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗಿನಲ್ಲಿ 'ನೆವರ್' ಎಂದು ಇಡಿ. ವಿಂಡೋಸ್ ಅಪ್‌ಡೇಟ್ ಮುಗಿಸಿಬಿಡಿ, ಇಲ್ಲವೇ ಕೆಲವು ದಿನ ತಡೆಹಿಡಿಯಿರಿ.

6. ಕರೆಂಟ್: ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಕೊಟ್ಟರೆ ಸಾಲದು. ಕರೆಂಟ್ ಹೋದಾಗ ನೆಟ್ ಮೋಡೆಮ್ ಆರಿದರೆ ಪ್ರಸಾರವೂ ನಿಂತಂತೆಯೇ. ಮೋಡೆಮನ್ನೂ ಯುಪಿಎಸ್‌ಗೆ ಜೋಡಿಸಿ.

ಆ ದಿನ

ಅರ್ಧ ಗಂಟೆ ಮೊದಲೇ ಪುಟ ತೆರೆದಿಡಿ. ಬೇರೆ ಕಿಟಕಿಗಳನ್ನು ಮುಚ್ಚಿ, ಹಾಲಿನ ವೈ-ಫೈಯಿಂದ ಉಳಿದ ಮೊಬೈಲುಗಳನ್ನು ತೆಗೆಸಿ. ಚಿತ್ರ ನಿಂತು ನಿಂತು ಬಂದರೆ ಗಾಲಿಯ ಗುರುತನ್ನು ಒತ್ತಿ 480 ಅಥವಾ 360ಕ್ಕೆ ಇಳಿಸಿ. ಚಿತ್ರ ಸ್ವಲ್ಪ ಮಸುಕಾದರೂ ಪರವಾಗಿಲ್ಲ, ಮಾತು ಕಡಿಯಬಾರದು. ಟಿವಿಗಿಂತ ಕೆಲವು ಸೆಕೆಂಡು ತಡವಾಗಿ ಬರುವುದು ಸಹಜ, ಗಾಬರಿ ಬೇಡ.

ಎಚ್ಚರಿಕೆ

"ನೋಡಲು ಈ ಪ್ಲೇಯರ್ ಹಾಕಿಕೊಳ್ಳಿ", "ಕಾರ್ಡಿನ ನಂಬರ್ ಕೊಡಿ" ಎಂದು ಕೇಳುವ ಪುಟ ಬಂದರೆ ತಕ್ಷಣ ಮುಚ್ಚಿಬಿಡಿ. ಉಚಿತ ಪ್ರಸಾರಕ್ಕೆ ಅದ್ಯಾವುದೂ ಬೇಕಿಲ್ಲ. ಸಂಘದ ಲೆಕ್ಕಪತ್ರ ಇರುವ ಕಂಪ್ಯೂಟರಿನಲ್ಲಂತೂ ಬೇಡವೇ ಬೇಡ. ಲಿಂಕನ್ನು ಆಯಾ ಸಂಸ್ಥೆಯ ಅಧಿಕೃತ ಚಾನೆಲಿನಿಂದಲೇ ತೆಗೆದುಕೊಳ್ಳಿ.

"ಆಮೇಲೂ ನೋಡ್ಬಹುದಲ್ಲ" ಎಂದು ಕೆಲವರು ಹೇಳುತ್ತಾರೆ. ಹೌದು, ಅನೇಕ ಪ್ರಸಾರಗಳು ನಂತರವೂ ಉಳಿದಿರುತ್ತವೆ. ಆದರೆ ಪ್ರಶ್ನೆ ಕೇಳುವ ಅವಕಾಶ ಆ ಹೊತ್ತಿಗೆ ಮಾತ್ರ. ಕೂಲಿ ಬಿಟ್ಟು ಬಂದ ತಾಯಿಗೆ ಇನ್ನೊಂದು ದಿನ ಬರಲು ಆಗುತ್ತದೆಯೇ?

ಚರ್ಚೆಗೆ

1. ನಮ್ಮ ಒಕ್ಕೂಟದಲ್ಲಿ ಈ ಕೆಲಸ ಬಲ್ಲವರು ಎಷ್ಟು ಮಂದಿ? ಇನ್ನಿಬ್ಬರಿಗೆ ಯಾವಾಗ ಕಲಿಸೋಣ?
2. ಓದಲು ಬಾರದವರಿಗೆ ಕಾರ್ಯಕ್ರಮ ಅರ್ಥವಾಗಲು ಯಾರು ಪಕ್ಕದಲ್ಲಿ ಕೂರಬೇಕು?