ಬಿದ್ದ ಹಲ್ಲಿನ ಜಾಗ ನೋಡಿ ಹಲ್ಲು ಸೆಟ್ಟು



ಲಕ್ಕವಳ್ಳಿ ಸುತ್ತಮುತ್ತ ಎಲೆ-ಅಡಿಕೆ, ಹೊಗೆಸೊಪ್ಪು ಅಗಿಯುವ ಅಭ್ಯಾಸ ನಮ್ಮಲ್ಲಿ ಹಲವರಿಗೆ ಇದೆ. ಒಸಡು ಸಡಿಲವಾಗಿ ಹಲ್ಲು ಬಿದ್ದರೆ "ವಯಸ್ಸಾಯ್ತು, ಇನ್ನೇನ್ ಮಾಡೋದು" ಅಂತ ಸುಮ್ಮನಾಗುತ್ತೇವೆ. ಆಮೇಲೆ ಕಾಳು, ಸೊಪ್ಪು, ಮಾಂಸ ಬಿಟ್ಟು ಅನ್ನ-ಸಾರಿನಲ್ಲೇ ದಿನ ತಳ್ಳುತ್ತೇವೆ. ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಇಳಿದು ಬರುತ್ತದೆ. ಹೀಗೆ ಇರುವ ಹಲ್ಲೂ ಕೆಡುತ್ತದೆ.

ಕೆಲವು ಹಲ್ಲು ಮಾತ್ರ ಹೋಗಿದ್ದರೆ ತೆಗೆದು ಹಾಕುವ ಸೆಟ್ಟು ಮಾಡಿಸಬಹುದು. ಆದರೆ ಎಲ್ಲರ ಬಾಯಿಗೂ ಒಂದೇ ತರಹದ ಸೆಟ್ಟು ಆಗುವುದಿಲ್ಲ. ಹಲ್ಲು ಎಲ್ಲಿ ಹೋಗಿದೆ ಎಂಬುದನ್ನು ನೋಡಿ 1925ರಲ್ಲಿ ಎಡ್ವರ್ಡ್ ಕೆನಡಿ ಎಂಬ ಅಮೆರಿಕದ ದಂತವೈದ್ಯರು ನಾಲ್ಕು ವರ್ಗ ಮಾಡಿದರು. ಇಂದಿಗೂ ವೈದ್ಯರು ಇದನ್ನೇ ಬಳಸುತ್ತಾರೆ.

1. ಎರಡೂ ಕಡೆ ಹಿಂದಿನ ದವಡೆ ಹಲ್ಲು ಇಲ್ಲದಿರುವುದು.
2. ಒಂದು ಕಡೆ ಮಾತ್ರ ಹಿಂದಿನ ಹಲ್ಲು ಇಲ್ಲದಿರುವುದು.
3. ಒಂದು ಪಕ್ಕದಲ್ಲಿ ಖಾಲಿ ಜಾಗ, ಅದರ ಹಿಂದೆಯೂ ಮುಂದೆಯೂ ಹಲ್ಲು ಇರುವುದು.
4. ನಡುಗೆರೆಯ ಎರಡೂ ಬದಿಯ ಮುಂದಿನ ಹಲ್ಲು ಇಲ್ಲದಿರುವುದು.

ಹಳ್ಳದ ಮೇಲಿನ ಕಾಲುಸಂಕ ನೆನಪು ಮಾಡಿಕೊಳ್ಳಿ. ಎರಡೂ ದಡದಲ್ಲಿ ಆಧಾರ ಇದ್ದರೆ ಸಂಕ ಅಲ್ಲಾಡುವುದಿಲ್ಲ. ಮೂರನೆಯ ವರ್ಗ ಹಾಗೆಯೇ. ಎರಡು ಕಡೆಯ ಹಲ್ಲು ಭಾರ ಹೊರುತ್ತದೆ. ಆ ಹಲ್ಲಿನ ಮೇಲೆ ಕೂರುವ ಪುಟ್ಟ ಲೋಹದ ತುಂಡು ಸೆಟ್ಟು ಒಸಡಿನೊಳಗೆ ಕುಸಿಯದಂತೆ ತಡೆಯುತ್ತದೆ. ಕೊಕ್ಕೆ ಅದನ್ನು ಹಿಡಿದಿಡುತ್ತದೆ.

ಒಂದನೇ ಮತ್ತು ಎರಡನೇ ವರ್ಗದಲ್ಲಿ ಹಿಂದಿನ ದಡ ಇಲ್ಲ. ಮುಂದೆ ಹಲ್ಲು, ಹಿಂದೆ ಮೆತ್ತನೆಯ ಒಸಡು. ಅಗಿಯುವಾಗ ಒಸಡು ತಗ್ಗುತ್ತದೆ, ಹಲ್ಲು ತಗ್ಗುವುದಿಲ್ಲ. ಆಗ ಕೊಕ್ಕೆ ಹಾಕಿದ ಹಲ್ಲನ್ನು ಸೆಟ್ಟು ಎಳೆದು ಸಡಿಲಿಸುತ್ತದೆ. ಅದಕ್ಕೇ ಭಾರ ಹಂಚಿಕೊಳ್ಳಲು ತಳ ಅಗಲವಾಗಿರಬೇಕು. ಒಂದೇ ಕಡೆ ಹಲ್ಲು ಹೋಗಿದ್ದರೂ ಸೆಟ್ಟು ಇನ್ನೊಂದು ಕಡೆಗೂ ದಾಟಿ ಅಲ್ಲಿನ ಹಲ್ಲನ್ನು ಹಿಡಿಯಬೇಕು. "ಇಷ್ಟು ಚಿಕ್ಕ ಜಾಗಕ್ಕೆ ಇಷ್ಟು ದೊಡ್ಡ ಸೆಟ್ಟು ಯಾಕೆ?" ಎಂದು ಬೇಸರಪಡಬೇಡಿ. ಒಂದೇ ಬದಿಯ ಪುಟ್ಟ ಸೆಟ್ಟು ಜಾರಿದರೆ ಗಂಟಲಿಗೆ ಹೋಗುವ ಅಪಾಯವಿದೆ. ದವಡೆ ಮೂಳೆ ಕಾಲಕ್ರಮೇಣ ಸವೆಯುವುದರಿಂದ ಈ ಸೆಟ್ಟಿನ ಒಳಮೈಯನ್ನು ಮತ್ತೆ ಕೂರುವಂತೆ ಮಾಡಿಸಬೇಕಾಗುತ್ತದೆ.

ನಾಲ್ಕನೆಯ ವರ್ಗದಲ್ಲಿ ಅಂದವೂ ಮಾತೂ ಮುಖ್ಯ. ಮುಂದಿನಿಂದ ಕಚ್ಚಿದರೆ ಸೆಟ್ಟಿನ ಹಿಂಭಾಗ ಮೇಲೇಳುತ್ತದೆ. ಆದ್ದರಿಂದ ಹಿಂದಿನ ಹಲ್ಲುಗಳಿಗೂ ಕೊಕ್ಕೆ ಬೇಕು. ಕಬ್ಬು, ಕೊಬ್ಬರಿಯನ್ನು ಮುಂದಿನಿಂದ ಕಚ್ಚಬಾರದು. ತುಂಡು ಮಾಡಿ ಪಕ್ಕದಲ್ಲಿ ಅಗಿಯಿರಿ.

ಸಂತೆ, ಜಾತ್ರೆಯಲ್ಲಿ ಒಂದೇ ದಿನದಲ್ಲಿ ಹಲ್ಲು ಕಟ್ಟಿಕೊಡುವವರ ಹತ್ತಿರ ಹೋಗಲೇಬೇಡಿ. ಪಕ್ಕದ ಹಲ್ಲಿಗೆ ತಂತಿ ಸುತ್ತಿ ಅಂಟಿಸಿಬಿಟ್ಟರೆ ಅಡಿಯಲ್ಲಿ ಕೊಳೆ ಸೇರುತ್ತದೆ. ಎರಡು ಹಲ್ಲಿನ ಆಸೆಗೆ ನಾಲ್ಕು ಹಲ್ಲು ಕಳೆದುಕೊಂಡಂತಾಗುತ್ತದೆ.

ಸೆಟ್ಟು ಬಂದ ಮೇಲೆ ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಬಿಸಿನೀರು ಬೇಡ, ಆಕಾರ ಕೆಡುತ್ತದೆ. ಮೃದು ಬ್ರಷ್ಷು, ಸೋಪಿನಿಂದ ತೊಳೆಯಿರಿ. ಕೆಳಗೆ ನೀರು ತುಂಬಿದ ಬೋಗುಣಿ ಇದ್ದರೆ ಕೈಜಾರಿದರೂ ಒಡೆಯುವುದಿಲ್ಲ. ಕೊಕ್ಕೆ ಹಾಕಿದ ಹಲ್ಲನ್ನು ತಪ್ಪದೆ ಉಜ್ಜಿ. ಹುಣ್ಣಾದರೆ ನೀವೇ ಉಜ್ಜಿ ಸರಿಮಾಡಲು ಹೋಗದೆ ವೈದ್ಯರಿಗೆ ತೋರಿಸಿ. ಬಾಯಲ್ಲಿ ಬಿಳಿ ಮಚ್ಚೆಯೋ ಹುಣ್ಣೋ ಎರಡು ವಾರ ಕಳೆದರೂ ಹೋಗದಿದ್ದರೆ ತಡಮಾಡಬೇಡಿ.

ಬಡ ಹಿರಿಯರಿಗಾಗಿ ರಾಜ್ಯ ಸರ್ಕಾರ 2014-15ರಲ್ಲಿ ದಂತಭಾಗ್ಯ ಯೋಜನೆ ತಂದಿತು. ಈಗ ಯಾರಿಗೆ ಏನು ಸಿಗುತ್ತದೆ ಎಂದು ತರೀಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡು ಜೊತೆಗಿರಲಿ. ಶಿವಮೊಗ್ಗ, ದಾವಣಗೆರೆಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ.

ಮಗಳ ಫೀಸಿಗೆ, ಗಂಡನ ಗೊಬ್ಬರಕ್ಕೆ ಸಂಘದಲ್ಲಿ ಸಾಲ ಕೇಳುತ್ತೇವೆ. ನಮ್ಮ ಬಾಯಿಗೆ ಕೇಳಲು ಮಾತ್ರ ನಾಚಿಕೆ. ತಿನ್ನಲಾಗದವಳು ದುಡಿಯುವುದು ಹೇಗೆ?

ಸಂಘದಲ್ಲಿ ಚರ್ಚಿಸಿ:
* ನಮ್ಮಲ್ಲಿ ಎಷ್ಟು ಜನರಿಗೆ ಹಲ್ಲು ಹೋಗಿದೆ? ಯಾವ ವರ್ಗ?
* ಆಸ್ಪತ್ರೆಗೆ ಜೊತೆಯಾಗಿ ಹೋಗಲು ಯಾವ ದಿನ ಅನುಕೂಲ?
* ಎಲೆ-ಅಡಿಕೆ, ಹೊಗೆಸೊಪ್ಪು ಬಿಡಲು ಒಬ್ಬರಿಗೊಬ್ಬರು ಹೇಗೆ ನೆರವಾಗೋಣ?